ಹಿತ್ತಲ ನೀರು ಮತ್ತು ಪ್ರಮಾದಚರ್ಯೆ

ಜೈನ ದರ್ಶನದಲ್ಲಿ ನೀರು ಅಪ್ಕಾಯಿಕ ಜೀವಗಳ ಶರೀರ. ಗಿಡವಾದರೋ ವನಸ್ಪತಿಕಾಯಿಕ ಜೀವ. ಹಿತ್ತಲಲ್ಲಿ ಮಲ್ಲಿಗೆ, ಬಾಳೆ ಬೆಳೆಸುವ ಶ್ರಾವಕನು ಒಂದನ್ನು ಪೋಷಿಸಲು ಇನ್ನೊಂದನ್ನು ವ್ಯಯಿಸಲೇಬೇಕು.

ಈ ಇಕ್ಕಟ್ಟನ್ನು ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಒಂದೇ ವಿಶೇಷಣದಿಂದ ಬಿಡಿಸಿದ್ದಾರೆ. ಅನರ್ಥದಂಡದ ಐದು ಭೇದಗಳಲ್ಲಿ ಪ್ರಮಾದಚರ್ಯೆಯೂ ಒಂದು. ನೆಲ, ನೀರು, ಬೆಂಕಿ, ಗಾಳಿಗಳ ಆರಂಭ ಹಾಗೂ ಸಸ್ಯಚ್ಛೇದನ ‘ವಿಫಲ’ವಾದಾಗ, ಅಂದರೆ ನಿಷ್ಪ್ರಯೋಜನವಾದಾಗ, ಆ ಹೆಸರು ಪಡೆಯುತ್ತವೆ. ಬೇರಿಗೆ ಇಳಿದ ನೀರು ಗೃಹಸ್ಥನಿಗೆ ಅನಿವಾರ್ಯವಾದ ಆರಂಭ. ಪಾತಿ ಮೀರಿ ಬೀದಿಗೆ ಹರಿದದ್ದು ಅನರ್ಥದಂಡ.

13ನೆಯ ಶತಮಾನದ ಪಂಡಿತ ಆಶಾಧರರ ‘ಸಾಗಾರಧರ್ಮಾಮೃತ’ವು ಇನ್ನೂ ಸೂಕ್ಷ್ಮ. ನೀರು ಸೋಸಿದ ಮೇಲೆ ಉಳಿದುದನ್ನು ಅದೇ ಜಲಾಶಯಕ್ಕೆ ಬಿಡದೆ ಬೇರೆಡೆ ಸುರಿಯುವುದೂ ಅಲ್ಲಿ ದೋಷವೇ. ಬಾವಿಯಿಂದ ಕೊಡಕೊಡವಾಗಿ ಸೇದುವ ಮನೆಗಳಲ್ಲಿ ತೋಳಿನ ಶ್ರಮವೇ ನೀರಿಗೆ ಅಳತೆಯಾಗಿತ್ತು. ಬಚ್ಚಲ ನೀರು ಬಾಳೆಗೂ ಕೆಸುವಿಗೂ ಹರಿಯುತ್ತಿತ್ತು.

ನಲ್ಲಿ, ಪಂಪುಗಳು ಬಂದ ಮೇಲೆ ಸೋಸುವ ಬಟ್ಟೆ ಉಳಿಯಿತು, ಅಳತೆ ಹೋಯಿತು. ಕುಡಿಯುವ ನೀರನ್ನು ತಪ್ಪದೆ ಸೋಸುವ ಮನೆಯಲ್ಲೇ ನಡುಹಗಲಿನಲ್ಲಿ ರಬ್ಬರ್ ಕೊಳವೆ ಹರಿಯುತ್ತಿರುತ್ತದೆ. ಬಿಸಿಲಿಗೆ ಆವಿಯಾಗುವ ಪಾಲು ಸಣ್ಣದಲ್ಲ. ಬಸದಿಗಳ ಹೂದೋಟವೂ ಇದಕ್ಕೆ ಹೊರತೆನ್ನುವಂತಿಲ್ಲ. ಬೆಳಗಿನ ತಂಪಿನಲ್ಲಿ ಎರೆದರೆ ನೀರು ಮಣ್ಣಿಗಿಳಿಯುತ್ತದೆ, ಪಾತಿಯಲ್ಲಿರುವ ಇರುವೆಗಳೂ ಕಣ್ಣಿಗೆ ಬೀಳುತ್ತವೆ. ಪಾತಿಗೆ ಹೊದಿಸಿದ ತರಗೆಲೆ ತೇವವನ್ನು ದಿನಗಟ್ಟಲೆ ಕಾಯುತ್ತದೆ. ಆದರೆ ಅಂಗಳ ಸ್ವಚ್ಛವಾಗಿರಲೆಂದು ಆ ಎಲೆಯನ್ನೇ ಗುಡಿಸಿ ಸುಡುವುದು ವಾಡಿಕೆ. ಆಗ ವಿಫಲವಾಗುವುದು ನೀರೊಂದೇ ಅಲ್ಲ, ಬೆಂಕಿಯೂ ಹೌದು. ಸಮಂತಭದ್ರರು ಎರಡನ್ನೂ ಒಟ್ಟಿಗೇ ಹೆಸರಿಸಿದ್ದಾರೆ.