ಕಂಬ ಕಡೆದವರ ಹೆಸರೇನು?

(1/5)
ನಂದು ಬಂಕಾಪುರ ಅಂದ ಕೂಡ್ಲೇ ಕ್ಲಾಸಿನವರು ಕೇಳೋದು ಒಂದೇ: "ಲೇ, ನವಿಲು ಕಾಣ್ತಾವೇನು?" ಕಾಣ್ತಾವ. ಆದ್ರ ನವಿಲುಧಾಮ ಇರೋ ಅದೇ ಕೋಟೆಯೊಳಗ ನಗರೇಶ್ವರ ಗುಡಿನೂ ಐತಿ. ಅರವತ್ತು ಕಂಬದ ಗುಡಿ ಅಂತ ಕರೀತಾರ. ಕಲ್ಯಾಣ ಚಾಲುಕ್ಯರ ಕಾಲದ್ದು. ಮೊದಲ ಫೋಟೋ ಅಲ್ಲಿಂದಾನ. ಕಂಬದ ಮ್ಯಾಲೆ ಬಳೆ ಜೋಡಿಸಿದಂಗ ಗೆರೆ ನೋಡ್ರಿ. ಕೈ ಆಡಿಸಿದ್ರ ಎಲ್ಲೂ ತೊಡರೋದಿಲ್ಲ.

ಚಿಕ್ಕವನಿದ್ದಾಗ "ಇದನ್ನ ಯಾರು ಮಾಡಿದ್ರು?" ಅಂತ ಅಜ್ಜನ್ನ ಕೇಳಿದ್ದೆ. "ಜಕಣಾಚಾರಿ" ಅಂದಿದ್ದ. ಹಾನಗಲ್ಲಿನ ತಾರಕೇಶ್ವರ ನೋಡಿದಾಗಲೂ ಜಕಣಾಚಾರಿ, ಬೇಲೂರಿಗೆ ಟ್ರಿಪ್ ಹೋದಾಗಲೂ ಜಕಣಾಚಾರಿ. ಒಬ್ಬ ಮನುಷ್ಯ ಎಷ್ಟು ಊರಾಗ ಕಲ್ಲು ಒಡೀಬೇಕು?

(2/5)
ಮೊದಲು ಕಲ್ಲಿನ ಕಥೆ. ಬಾದಾಮಿ, ಪಟ್ಟದಕಲ್ಲಿನ ಶಿಲ್ಪಿಗಳು ಕೆಲಸ ಮಾಡಿದ್ದು ಮರಳುಗಲ್ಲಿನಲ್ಲಿ. 11ನೇ ಶತಮಾನದ ಹೊತ್ತಿಗೆ ನಮ್ಮ ಭಾಗದವರು ಬಳಪದ ಕಲ್ಲು ಹಿಡಿದರು. ಗಣಿಯಿಂದ ತೆಗೆದಾಗ ಇದು ಮೆತ್ತಗಿರುತ್ತದೆ, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಅದಕ್ಕೇ ಸಣ್ಣ ಉಳಿಯಿಂದ ಜಾಲರಿಯಂಥ ಕೆಲಸ ಮಾಡಲು ಆಯಿತು. ಕಂಬವನ್ನು ತಿರುಗಿಸುತ್ತಾ ಕಡೆಯಲೂ ಆಯಿತು. ಈಗಿನ ಲೇತ್ ಮಷಿನ್ ಮಾಡುವ ಕೆಲಸವೇ ಅದು, ಕರೆಂಟ್ ಮಾತ್ರ ಇರಲಿಲ್ಲ. ಅಷ್ಟು ಭಾರದ ಕಲ್ಲನ್ನು ತಿರುಗಿಸುವವರು ಕೆಲವರು, ಉಳಿ ಹಿಡಿಯುವವರು ಇನ್ನೊಬ್ಬರು. ಕೈ ಒಂದು ಸಲ ತಪ್ಪಿದ್ರ ಇಡೀ ಕಂಬ ಹೋತು.

ಅಂದ್ರ ಇದು ಒಬ್ಬ ಜಕಣಾಚಾರಿಯ ಪವಾಡ ಅಲ್ಲ. ದಿನಾ ಕೆಲಸಕ್ಕ ಬಂದ ಜನರದ್ದು.

(3/5)
ಈ ಜನರಲ್ಲಿ ಕೆಲವರ ಹೆಸರು ನಮಗೆ ಸಿಗುತ್ತವೆ. ಯಾಕಂದ್ರ ಅವರೇ ಕಲ್ಲಿನ ಮೇಲೆ ಬರೆದುಕೊಂಡರು.

ಹಿರೇಕೆರೂರು ದಾಟಿ ಶಿರಾಳಕೊಪ್ಪಕ್ಕೆ ಹೋದರೆ ಪಕ್ಕದಲ್ಲೇ ಬಳ್ಳಿಗಾವಿ. ಅಲ್ಲಿಯ ದಾಸೋಜ ಮತ್ತು ಅವನ ಮಗ ಚಾವಣ, ಇಬ್ಬರೂ ದೂರದ ಬೇಲೂರಿಗೆ ಕೆಲಸಕ್ಕೆ ಹೋದರು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ಗುಡಿಯ ಮದನಿಕೆಗಳಲ್ಲಿ ಕೆಲವು ಈ ಅಪ್ಪ-ಮಗನವು. ಮೂರ್ತಿಯ ಕೆಳಗೆ ಹೆಸರು, ಊರು, ಜೊತೆಗೆ ಎದುರಾಳಿ ಶಿಲ್ಪಿಗಳಿಗೆ ಸವಾಲು ಹಾಕುವಂಥ ಬಿರುದು. ನಮ್ಮ ಬಯೋದಾಗ ನಾವು ಬರ್ಕೋತೀವಲ್ಲ, ಹಂಗ! ಅದೇ ವಿಷ್ಣುವರ್ಧನ ತನ್ನ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಬಂಕಾಪುರದಲ್ಲಿ. ನಮ್ಮ ಕಡೆ ಶಿಲ್ಪಿ ಅಲ್ಲಿಗೆ ಹೋದ, ಅಲ್ಲಿಯ ರಾಜ ಇಲ್ಲಿಗೆ ಬಂದ.

ಇನ್ನೊಬ್ಬ ಮಲ್ಲಿತಮ್ಮ. 1196ರ ಅಮೃತಾಪುರದ ಗುಡಿಯಲ್ಲಿ ಅವನ ಹೆಸರು ಇದೆ. ಆಮೇಲೆ ನುಗ್ಗೇಹಳ್ಳಿ, ಸೋಮನಾಥಪುರ. ಹೆಸರು ಹಿಡಿದು ಹೋದರೆ ಅವನ ಇಡೀ ದುಡಿಮೆಯ ದಾರಿ ಕಾಣುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ್ದ ಇತಿಹಾಸಕಾರ ಷ. ಶೆಟ್ಟರ್ ಇಂಥ ಶಿಲ್ಪಿಗಳ ಸಹಿಗಳನ್ನು ಹುಡುಕಿ ಹುಡುಕಿ ಓದಿದವರು. ಅವರು ಓದಲು ಕಲ್ಲಿನ ಮೇಲೆ ಹೆಸರು ಇತ್ತು, ಅದೇ ದೊಡ್ಡ ಮಾತು.

ಇದನ್ನೆಲ್ಲ ಓದಿ ಬಂದು ನಗರೇಶ್ವರದ ಕಂಬಗಳ ಸುತ್ತ ಒಂದು ಮಧ್ಯಾಹ್ನ ಪೂರ್ತಿ ತಿರುಗಿದೆ. ನನ್ನ ಕಣ್ಣಿಗೆ ಒಂದೂ ಹೆಸರು ಬೀಳಲಿಲ್ಲ.

(4/5)
ಈಗ ನಮ್ಮ ಮನಿ ಮಾತು. ನಮ್ಮವ್ವ ಕೌದಿ ಹೊಲೀತಾಳ. ಹಳೇ ಸೀರೆ, ಧೋತರ, ಲಂಗದ ತುಂಡು ಜೋಡಿಸಿ, ಸಾಲು ಬಿಡದಂಗ ಕೈಹೊಲಿಗೆ. ಒಂದು ಕೌದಿಗೆ ಹತ್ತಿರ ಹತ್ತಿರ ಇಪ್ಪತ್ತು ದಿನ. ಹೋದ ವರ್ಷ ಒಂದು ಅಂಗಡಿಯವರು ನಾಲ್ಕು ಕೌದಿ ತಗೊಂಡ್ರು, ಒಂದಕ್ಕೆ ₹900. ಮುಂದೆ ಒಂದಿನ ಅವರ ಪೋಸ್ಟ್ ಕಣ್ಣಿಗೆ ಬಿತ್ತು. ಅವ್ವನ ಕೌದಿ, ಮೂಲೆಗೆ ಅವರ ಲೇಬಲ್, ಬೆಲೆ ₹2,600. ಹೊಲಿದವರ ಸುದ್ದಿನೇ ಇಲ್ಲ.

ಸಿಟ್ಟು ಬಂತು. ಜಗಳ ಮಾಡೋಣಂತ ಬಿಲ್ ಬುಕ್ ತೆಗೆದೆ. ಬಿಲ್ ಬರೆದವನು ನಾನೇ. "ಕೌದಿ – 4" ಅಂತ ಬರೆದಿದ್ದೆ. ಅವ್ವನ ಹೆಸರು ನಾನೂ ಬರೆದಿರಲಿಲ್ಲ.

ಬಿಕಾಂನಲ್ಲಿ ಗುಡ್‌ವಿಲ್ ಅಂತ ಒಂದು ಪಾಠ ಇದೆ. ಕೈಯಿಂದ ಮುಟ್ಟಲು ಆಗದ ಆಸ್ತಿ, ಹೆಸರಿನ ಬೆಲೆ. ಬಟ್ಟೆಗೆ, ದಾರಕ್ಕೆ, ಕೂಲಿಗೆ ಲೆಕ್ಕ ಹಾಕಿದ್ದೆ, ಇದಕ್ಕೆ ಹಾಕಿರಲಿಲ್ಲ. ಪರೀಕ್ಷೆಯಲ್ಲಿ ಈ ಲೆಕ್ಕಕ್ಕೆ ನನಗೆ ಪೂರ್ತಿ ಮಾರ್ಕ್ಸ್ ಬಂದಿತ್ತು. ದಾಸೋಜನಿಗೆ ಬಿಕಾಂ ಇಲ್ಲದೇ ಗೊತ್ತಿತ್ತು.

(5/5)
ಅವ್ವನಿಗೆ ಹೇಳಿದೆ, ಮುಂದಿನ ಕೌದಿ ಮೂಲ್ಯಾಗ ನಿನ್ನ ಹೆಸರು ಹೊಲಿ ಅಂತ. ನಕ್ಕಳು. "ಹಾಸ್ಕೊಂಡು ಮಲಗೋದಕ್ಕ ಯಾರರ ಹೆಸರು ಹಾಕ್ತಾರೇನಪಾ?" ದಾಸೋಜನ ಕಥೆ ಹೇಳಿದೆ. ಸುಮ್ನ ಕೇಳಿದಳು. "ಅವ ರಾಜನ ಗುಡಿಗೆ ಮಾಡಿದ್ದ" ಅಂದಳು, ಅಷ್ಟೇ.

ಆದ್ರ ವಾರದ ಮ್ಯಾಲೆ ನೋಡಿದ್ರ ಕೆಂಪು ದಾರದಾಗ ಹೆಸರು ಬಿದ್ದಿತ್ತು. ಕೆಳಗ ಬಂಕಾಪುರ ಅಂತನೂ.

ಅಂಗಡಿಯವರು ಒಪ್ಪಲಿಲ್ಲ. ಹೆಸರಿಲ್ಲದ್ದು ಕೊಡ್ರಿ, ಇದು ಬ್ಯಾಡ ಅಂದ್ರು. ₹900 ನಮ್ಮ ಮನಿಗೆ ಸಣ್ಣ ದುಡ್ಡಲ್ಲ, ಬಿಚ್ಚಿ ಕೊಡ್ತಾಳೇನೋ ಅನ್ಕೊಂಡಿದ್ದೆ. "ಇರ್ಲಿ ಬಿಡು, ನೀನ ಹೊಚ್ಕೋ" ಅಂದಳು. ಕೊನೆಯ ಫೋಟೋ ಅದೇ ಕೌದಿ. ಹೆಸರು ನಾ ಇಲ್ಲಿ ಬರಿಯೋದಿಲ್ಲ, ಜೂಮ್ ಮಾಡಿ ಮೂಲ್ಯಾಗ ಓದ್ರಿ.

ಬಿಲ್ ಬುಕ್ಕಿನಾಗ ಈಗ ಹೊಸ ಕಾಲಂ ಹಾಕೀನಿ: "ಹೊಲಿದವರು".

ನಿಮ್ಮ ಮನ್ಯಾಗ, ಓಣ್ಯಾಗ ಬುಟ್ಟಿ ಹೆಣೆಯೋರು, ಗಡಿಗೆ ಮಾಡೋರು, ಕುಲುಮೆ ಹಚ್ಚೋರು ಯಾರಾದ್ರೂ ಇದ್ರ, ಮೊದಲು ಅವರನ್ನ ಕೇಳ್ರಿ. ಅವರು ಹೂಂ ಅಂದ್ರ ಫೋಟೋ ಹಾಕ್ರಿ, ಹೆಸರು ಸಮೇತ.

#ಬಂಕಾಪುರ #ನಗರೇಶ್ವರ #ಕೌದಿ #ಹೊಲಿದವರು