ದರ ಮತ್ತು ವಿನಾಯಿತಿ: ಹಾವೇರಿ ಸೀಮೆಯ ಚುನಾವಣಾ ಟೀಕೆಯಲ್ಲಿ ತೆರಿಗೆ, ಕಂಪನಿ, ಅಭ್ಯರ್ಥಿ

ಬ್ಯಾಡಗಿಯ ಮೆಣಸಿನಕಾಯಿ ಪ್ರಾಂಗಣದಲ್ಲಿ ತೆರಿಗೆಯ ಮಾತೆತ್ತಿದರೆ ಮೊದಲು ಬರುವುದು ಸೆಸ್. 1966ರ ಕರ್ನಾಟಕ ಕೃಷಿ ಉತ್ಪನ್ನ ಮಾರುಕಟ್ಟೆ (ಎಪಿಎಂಸಿ) ಕಾಯ್ದೆ ಈ ಶುಲ್ಕವನ್ನು ಖರೀದಿದಾರನ ಮೇಲೆ ಹಾಕುತ್ತದೆ. ಟೆಂಡರ್ ಬರೆಯುವ ವರ್ತಕ ಮಾತ್ರ ಸೆಸ್, ಹಮಾಲಿ, ಸಾಗಣೆ, ಕೋಲ್ಡ್ ಸ್ಟೋರೇಜ್ ಬಾಡಿಗೆ ಎಲ್ಲವನ್ನೂ ಮನಸ್ಸಿನಲ್ಲೇ ಕಳೆದು ಧಾರಣೆ ನಮೂದಿಸುತ್ತಾನೆ. ಕಟ್ಟುವವನು ಒಬ್ಬ, ಹೊರುವವನು ಇನ್ನೊಬ್ಬ. ಈ ಸೀಮೆಯ ಅಭ್ಯರ್ಥಿಗಳ ಮೇಲೆ ಬಂದಿರುವ ಟೀಕೆ ಬಹುತೇಕ ತೆರಿಗೆಯ ದರವನ್ನೇ ಹಿಡಿದುಕೊಂಡಿದೆ. ಆ ದರದಿಂದ ಯಾರು ಹೊರಗುಳಿದರು ಎಂದು ಕೇಳಿದ್ದರೆ ಕಂಪನಿಗಳ ನಂಟು ಹೆಚ್ಚು ಸ್ಪಷ್ಟವಾಗಿ ಕಾಣುತ್ತಿತ್ತು ಎಂಬುದು ಈ ಲೇಖನದ ವಾದ.

2020ರ ಮೇ ತಿಂಗಳಲ್ಲಿ ಯಡಿಯೂರಪ್ಪ ಸರ್ಕಾರ ಸುಗ್ರೀವಾಜ್ಞೆಯ ಮೂಲಕ ಎಪಿಎಂಸಿಯ ಹಿಡಿತವನ್ನು ಪ್ರಾಂಗಣದ ಗೋಡೆಯೊಳಗೆ ನಿಲ್ಲಿಸಿತು. ಹೊರಗಿನ ವಹಿವಾಟಿಗೆ ಸೆಸ್ ಇಲ್ಲ, ಒಳಗೆ ನೂರಕ್ಕೆ ಒಂದೂವರೆ ರೂಪಾಯಿ. ವರ್ತಕರು ಸಿಟ್ಟಾದರು. ಒಳಗಿನ ದರವನ್ನು ಸರ್ಕಾರ 35 ಪೈಸೆಯವರೆಗೂ ಇಳಿಸಿ, ಆಮೇಲೆ 60 ಪೈಸೆಗೆ ತಂದಿತು. ಆ ಸಂಪುಟದ ಕೃಷಿ ಸಚಿವ ಬಿ.ಸಿ. ಪಾಟೀಲ ಹಿರೇಕೆರೂರಿನವರು, ಗೃಹ ಸಚಿವ ಬಸವರಾಜ ಬೊಮ್ಮಾಯಿ ಶಿಗ್ಗಾವಿಯ ಶಾಸಕರು. ‘ಕಾರ್ಪೊರೇಟ್ ಪರ’ ಎಂಬ ಟೀಕೆ ಹೀಗೆ ಈ ಜಿಲ್ಲೆಯ ಮನೆಬಾಗಿಲಿಗೇ ಬಂದಿತು.

ಟೀಕೆ ಸುಳ್ಳಲ್ಲ, ಆದರೆ ಬ್ಯಾಡಗಿಗೆ ಅದು ಅರ್ಧವೇ ಹೊಂದುತ್ತದೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಲ್ಲಿನ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣಕ್ಕಾಗಿಯೇ ಓಲಿಯೋರೆಸಿನ್ ಎಂಬ ಸಾರ ತೆಗೆಯುವ ಕಂಪನಿಗಳು ಡಬ್ಬಿ, ಕಡ್ಡಿ ಎಂಬ ಬಗೆಗಳ ಕಾಯಿಯನ್ನು ಬಹಳ ಹಿಂದಿನಿಂದ ಕೊಳ್ಳುತ್ತಿವೆ. ಕಾಯ್ದೆ ತಿದ್ದಿ ಅವನ್ನು ಕರೆತರುವ ಅಗತ್ಯವೇನೂ ಇರಲಿಲ್ಲ. ಅವು ಆಗಲೇ ಇಲ್ಲಿದ್ದವು. ರಾಣೆಬೆನ್ನೂರಿನ ಸುತ್ತ ಇನ್ನೂ ವಿಚಿತ್ರ. ಅಲ್ಲಿ ಹೈಬ್ರಿಡ್ ಬೀಜೋತ್ಪಾದನೆಯ ಒಪ್ಪಂದ ಹೊಲದಲ್ಲೇ ಆಗುತ್ತದೆ, ಬೀಜ ಹೊಲದಿಂದಲೇ ಕಂಪನಿಗೆ ಹೋಗುತ್ತದೆ, ಪ್ರಾಂಗಣದ ಮುಖವನ್ನೇ ನೋಡುವುದಿಲ್ಲ. 2020ರ ತಿದ್ದುಪಡಿ ಊರಿಗೆಲ್ಲ ಹಂಚಲು ಹೊರಟ ಸ್ವಾತಂತ್ರ್ಯ ಬೀಜದ ವ್ಯವಹಾರದಲ್ಲಿ ಮೊದಲೇ ರೂಢಿಯಾಗಿತ್ತು. 2023ರ ಜುಲೈನಲ್ಲಿ ಕಾಂಗ್ರೆಸ್ ಸರ್ಕಾರ ಆ ತಿದ್ದುಪಡಿಯನ್ನು ಹಿಂತೆಗೆಯುವ ಮಸೂದೆ ತಂದಾಗಲೂ ಚರ್ಚೆ ಪ್ರಾಂಗಣ ಉಳಿಯಬೇಕೋ ಬೇಡವೋ ಎಂಬಲ್ಲೇ ಸುತ್ತಿತು.

ಎರಡನೆಯ ಪ್ರಕರಣ ಜಿಎಸ್‌ಟಿಯದು. ದರಗಳ ಪುನರ್‌ವಿಂಗಡಣೆಗೆ ಜಿಎಸ್‌ಟಿ ಮಂಡಳಿ 2021ರಲ್ಲಿ ನೇಮಿಸಿದ ಸಚಿವರ ಗುಂಪಿಗೆ ಬೊಮ್ಮಾಯಿಯವರೇ ಸಂಚಾಲಕರು. 2022ರ ಜೂನ್ 28-29ರ ಚಂಡೀಗಢ ಸಭೆ ಆ ಗುಂಪಿನ ಮಧ್ಯಂತರ ವರದಿಯನ್ನು ಒಪ್ಪಿತು. ಜುಲೈ 18ರಿಂದ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಅಕ್ಕಿ, ಗೋಧಿ, ಮೊಸರಿಗೆ ಶೇ. 5 ತೆರಿಗೆ ಬಿತ್ತು. ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಇದನ್ನು ಬಡವರ ಮೇಲಿನ ಹೊರೆಯೆಂದು ಖಂಡಿಸಿದರು. ಅಲ್ಲಿಯವರೆಗೆ ನೋಂದಾಯಿತ ಬ್ರ್ಯಾಂಡಿಗೆ ಮಾತ್ರ ತೆರಿಗೆಯಿತ್ತು. ಬ್ರ್ಯಾಂಡಿನ ಹಕ್ಕನ್ನು ಕಾಗದದಲ್ಲಿ ಬಿಟ್ಟುಕೊಟ್ಟು ತಪ್ಪಿಸಿಕೊಳ್ಳುವವರಿದ್ದರು. ಆ ಕಿಂಡಿ ಮುಚ್ಚಿತೆಂದು ಒಪ್ಪೋಣ. ಹೊಸ ನಿಯಮ ಇನ್ನೊಂದು ಕಿಂಡಿಯನ್ನು ಉಳಿಸಿತು: 25 ಕೆಜಿ ಮೀರಿದ ಚೀಲಕ್ಕೆ ತೆರಿಗೆಯಿಲ್ಲ. ಐದು ಕೆಜಿ ಪೊಟ್ಟಣ ಕೊಳ್ಳುವ ಕೂಲಿಯವನು ತೆರಿಗೆ ಕೊಟ್ಟ, ದೊಡ್ಡ ಚೀಲ ಇಳಿಸಿಕೊಳ್ಳುವ ಹೋಟೆಲಿನವನು ಕೊಡಲಿಲ್ಲ. ಟೀಕಾಕಾರರು ಶೇ. 5ನ್ನು ಹಿಡಿದು ಕೂಗಿದಷ್ಟು ಈ 25 ಕೆಜಿಯನ್ನು ಹಿಡಿಯಲಿಲ್ಲ.

ಈ ನೆಲದಲ್ಲಿ ಕರದ ಪ್ರಶ್ನೆ ಹೊಸದಲ್ಲ. ಮೋಟೆಬೆನ್ನೂರಿನ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದದ್ದು ಕಂದಾಯದ ಹಣವಿದ್ದ ಜಾಗಕ್ಕೆ ನುಗ್ಗಿದಾಗ. ವಸೂಲು ಮಾಡುವವನು ಯಾರೆಂದು ಆಗ ಹುಡುಕಬೇಕಿರಲಿಲ್ಲ.

ಈಗ ಹುಡುಕಬೇಕು, ಸಾಧನಗಳು ಮಾತ್ರ ಮೊಂಡಾಗಿವೆ. ಅಭ್ಯರ್ಥಿ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರದಲ್ಲಿ ಷೇರು, ಸಾಲ, ಸರ್ಕಾರಿ ಗುತ್ತಿಗೆ, 2019ರಿಂದ ಐದು ವರ್ಷಗಳ ಆದಾಯದ ವಿವರ ಸಿಗುತ್ತವೆ. ವಿಧಾನಸಭಾ ಅಭ್ಯರ್ಥಿಯ ವೆಚ್ಚಕ್ಕೆ 40 ಲಕ್ಷ ರೂಪಾಯಿಯ ಮಿತಿಯಿದೆ. ಪಕ್ಷದ ವೆಚ್ಚಕ್ಕೆ ಮಿತಿಯೇ ಇಲ್ಲ. 2017ರ ಹಣಕಾಸು ಕಾಯ್ದೆ ಕಂಪನಿ ದೇಣಿಗೆಗಿದ್ದ ಲಾಭದ ಶೇ. 7.5ರ ಮಿತಿಯನ್ನೂ ತೆಗೆದುಹಾಕಿತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಚುನಾವಣಾ ಬಾಂಡನ್ನು ರದ್ದುಗೊಳಿಸಿದ ಮೇಲೆ ಹೊರಬಂದ ಪಟ್ಟಿಯಲ್ಲಿ ಕಂಪನಿಯ ಹೆಸರಿದೆ, ಪಕ್ಷದ ಹೆಸರಿದೆ, ಕ್ಷೇತ್ರದ ಹೆಸರಿಲ್ಲ. ಯಾವ ಬಾಂಡಿನ ಹಣ ರಾಣೆಬೆನ್ನೂರಿನಲ್ಲಿ ಖರ್ಚಾಯಿತು, ಯಾವುದು ಹಾವೇರಿಯಲ್ಲಿ ಎಂದು ಆ ಪಟ್ಟಿಯಿಂದ ಹೇಳಲಾಗದು. ಹಾಗಾಗಿ ‘ಕಂಪನಿಯವರ ಮನುಷ್ಯ’ ಎಂಬ ಬೈಗುಳ ಒಬ್ಬ ಅಭ್ಯರ್ಥಿಗೆ ಅಂಟಿದಾಗ ಅದು ಸಾಕ್ಷ್ಯಕ್ಕಿಂತ ಊಹೆಗೇ ಹತ್ತಿರ.

ಬಾಂಡಿನ ವಿವರ ಕೊಡಲು ಸ್ಟೇಟ್ ಬ್ಯಾಂಕ್ ಕೇಳಿದ್ದ ಹೆಚ್ಚಿನ ಕಾಲಾವಕಾಶವನ್ನು ಕೋರ್ಟ್ ನಿರಾಕರಿಸಿದ್ದು 2024ರ ಮಾರ್ಚ್ 11ರ ಸೋಮವಾರ. ಅದೇ ದಿನ ಬ್ಯಾಡಗಿಯಲ್ಲಿ ಧಾರಣೆ ಕುಸಿದು, ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಆ ದಿನ ಪ್ರಾಂಗಣದಲ್ಲಿ ಹೊತ್ತಿದ ಸಿಟ್ಟು ಟೆಂಡರ್ ಪಟ್ಟಿಯ ಧಾರಣೆಯ ಮೇಲಿನದು. ಕೊಂಡವನ ಹಿಂದೆ ಯಾವ ಕಂಪನಿ ಇದೆಯೆಂದು ಆ ಪಟ್ಟಿ ಹೇಳುವುದಿಲ್ಲ. ಎಂಟು ವಾರ ಕಳೆದು, ಮೇ 7ರಂದು ಹಾವೇರಿ ಲೋಕಸಭಾ ಕ್ಷೇತ್ರ ಮತ ಹಾಕಿತು, ಬೊಮ್ಮಾಯಿ ಗೆದ್ದರು.