ವರ್ತಕನ ಕಡತ: ಲೆಕ್ಕ ಮತ್ತು ಸಾಕ್ಷ್ಯ

ಇಂದು ‘ಕಡತ’ವೆಂದರೆ ಕಚೇರಿಯ ಫೈಲು. ಹತ್ತೊಂಬತ್ತನೆಯ ಶತಮಾನದ ಕನ್ನಡನಾಡಿನ ಪೇಟೆಗಳಲ್ಲಿ ಅದು ಅಂಗಡಿಕಾರನ ಲೆಕ್ಕದ ಪುಸ್ತಕವೂ ಆಗಿತ್ತು. ಹತ್ತಿಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆಗಳಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. 1810ರಲ್ಲಿ ಮೈಸೂರಿನ ಇತಿಹಾಸವನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸ್, ವರ್ತಕರು ಇದನ್ನು ಬಳಸುತ್ತಿದ್ದುದನ್ನು ದಾಖಲಿಸಿದ್ದಾನೆ. ಲಿಪಿಶಾಸ್ತ್ರಜ್ಞ ಬ್ಯೂಲರ್ 1896ರಲ್ಲಿಯೂ ಕನ್ನಡ ವ್ಯಾಪಾರಿಗಳಲ್ಲಿ ಈ ರೂಢಿ ಉಳಿದಿತ್ತೆಂದು ಬರೆದಿದ್ದಾನೆ.

ಇಂತಹ ಲೆಕ್ಕಗಳನ್ನು ಓದುವುದಕ್ಕೆ ಅಕ್ಷರಜ್ಞಾನವೊಂದೇ ಸಾಲದು. ಕಾಲವನ್ನು ಸಂವತ್ಸರ, ಮಾಸ, ತಿಥಿಗಳಿಂದ ಗುರುತಿಸುವುದು ವಾಡಿಕೆ. ಅರವತ್ತು ವರ್ಷಗಳಿಗೊಮ್ಮೆ ಅದೇ ಸಂವತ್ಸರ ಮರಳಿ ಬರುವುದರಿಂದ, ಬೇರೆ ಆಧಾರವಿಲ್ಲದೆ ಇಸವಿಯನ್ನು ನಿರ್ಣಯಿಸಲಾಗದು. ಹತ್ತು ಹಣಕ್ಕೊಂದು ಕಂಠೀರಾಯಿ ವರಹವೆಂಬ ಎಣಿಕೆಗೂ ಹದಿನಾರು ಆಣೆಗೊಂದು ರೂಪಾಯಿಯೆಂಬ ಎಣಿಕೆಗೂ ಲೆಕ್ಕದ ಕ್ರಮವೇ ಬೇರೆ. ಕೊಳಗ, ಬಳ್ಳ, ಸೇರುಗಳ ಪ್ರಮಾಣವಾದರೋ ಊರಿಂದೂರಿಗೆ ವ್ಯತ್ಯಾಸವಾಗುತ್ತಿತ್ತು.

ಕಡತದ ಮುಖ್ಯ ಗುಣ, ಬರೆದುದನ್ನು ಒರಸಿ ಮತ್ತೆ ಬರೆಯಬಹುದಾಗಿದ್ದುದು. ವರ್ತಕನಿಗೆ ಉಳಿತಾಯ ತಂದ ಈ ಗುಣವೇ ಇತಿಹಾಸಕ್ಕೆ ನಷ್ಟ ತಂದಿತು. ಶೃಂಗೇರಿ ಮಠದ ನೂರಾರು ಕಡತಗಳು ಉಳಿದುಬಂದುದು ಅವನ್ನು ಕಾಪಾಡುವ ಸಂಸ್ಥೆಯೊಂದು ಇದ್ದುದರಿಂದ. ತೀರಿದ ಸಾಲದ ಲೆಕ್ಕವನ್ನು ಕಾಪಾಡುವ ಅಗತ್ಯ ಚಿಕ್ಕ ಪೇಟೆಯ ಅಂಗಡಿಗೆ ಇರಲಿಲ್ಲ. ಆದಕಾರಣ ಉಪ್ಪು, ಬೆಲ್ಲ, ಎಣ್ಣೆ, ಬಟ್ಟೆಗಳ ದೈನಂದಿನ ಚರಿತ್ರೆಯ ಬಹುಭಾಗ ಅಳಿಸಿಹೋಗಿದೆ.

ಉಳಿದ ಲೆಕ್ಕವಾದರೂ ಒಂದು ಕಡೆಯ ಮಾತು. ಬರೆದವನು ಕೊಟ್ಟವನು, ಪಡೆದವನು ಅನೇಕ ವೇಳೆ ಅದನ್ನು ಓದಲಾರದವನು. ಬ್ರಿಟಿಷ್ ಆಳ್ವಿಕೆಯ ಕಾನೂನೂ ಇದನ್ನು ಗಮನಿಸಿತ್ತು. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 34ನೆಯ ಪ್ರಕರಣದಂತೆ, ಕ್ರಮವಾಗಿ ಇಟ್ಟ ಲೆಕ್ಕದ ಪುಸ್ತಕ ಸಾಕ್ಷ್ಯವಾಗಬಹುದಾಗಿತ್ತು. ಆದರೆ ಅದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸುವಂತಿರಲಿಲ್ಲ. ಮೂರು ವರ್ಷಗಳ ಬಳಿಕ, 1875ರಲ್ಲಿ, ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ದಂಗೆಯೆದ್ದಾಗ ಸಾಹುಕಾರರ ಸಾಲಪತ್ರಗಳನ್ನೂ ಲೆಕ್ಕದ ಪುಸ್ತಕಗಳನ್ನೂ ಹುಡುಕಿ ಸುಟ್ಟರು. ಓದಲಾಗದ ಬರಹ ತಮ್ಮ ಹೊಲವನ್ನು ನುಂಗಬಲ್ಲುದೆಂಬ ಅರಿವು ಅವರಿಗಿತ್ತು.

ವರ್ತಕನ ಲೆಕ್ಕವನ್ನು ಆಕರವಾಗಿ ಬಳಸುವ ಸಂಶೋಧಕನಿಗೂ 34ನೆಯ ಪ್ರಕರಣದ ವಿವೇಕ ಅವಶ್ಯ. ಜಮೆ–ಖರ್ಚುಗಳು ಸರಿದೂಗಿದ ಮಾತ್ರಕ್ಕೆ ಕೊಟ್ಟವನ ಮತ್ತು ಪಡೆದವನ ಸಂಬಂಧ ನ್ಯಾಯವಾಗಿತ್ತೆಂದು ಸಿದ್ಧವಾಗುವುದಿಲ್ಲ.